ಹಲ್ಲು ಎಣಿಸಿ ತಂದ ಯಂತ್ರ

ನನ್ನ ತಂದೆಯವರು ಎತ್ತು ಕೊಳ್ಳುವ ರೀತಿಯೇ ಬೇರೆ. ಶಿವರಾತ್ರಿಯ ಸುಮಾರಿಗೆ ತುಮಕೂರಿನ ಬಳಿಯ ಸಿದ್ಧಗಂಗೆಯಲ್ಲಿ ದನಗಳ ಜಾತ್ರೆ ಸೇರುತ್ತದೆ. ಚಿಕ್ಕಂದಿನಲ್ಲಿ ಒಂದೆರಡು ಸಲ ನಾನೂ ಅವರ ಜೊತೆಗೆ ಅಲ್ಲಿಗೆ ಹೋಗಿದ್ದುಂಟು. ಕೊಂಬಿಗೆ ಬಣ್ಣ ಬಳಿದು, ಕೊರಳಿಗೆ ಗೆಜ್ಜೆಪಟ್ಟಿ ಕಟ್ಟಿ ನಿಲ್ಲಿಸಿದ ಜೋಡಿಗಳ ಮುಂದೆ ಜನ ಗುಂಪುಗೂಡಿರುತ್ತಿದ್ದರು. ತಂದೆಯವರು ಆ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಮರದ ನೆರಳಿನಲ್ಲಿ ಸುಮ್ಮನೆ ಮೆಲುಕು ಹಾಕುತ್ತ ನಿಂತಿರುವ ಎತ್ತಿನ ಬಳಿಗೆ ಹೋಗಿ, ತುಟಿ ಬಿಡಿಸಿ ಹಲ್ಲು ಎಣಿಸುವರು. ಗೊರಸು ಎತ್ತಿ ನೋಡುವರು. ಹತ್ತು ಹೆಜ್ಜೆ ನಡೆಸುವರು. ಕೊನೆಗೆ ಯಾರದೋ ಗಾಡಿಯ ನೊಗವನ್ನು ಬೇಡಿ ಅದರ ಹೆಗಲ ಮೇಲೆ ಇಟ್ಟೂ ನೋಡುವರು. “ಬಣ್ಣ ಒಂದು ಮಳೆಗೆ ಹೋಗುತ್ತದೆ. ಉಳುವುದು ಹೆಗಲು” ಎಂಬುದು ಅವರ ಮಾತು.

ಈ ಮಾತು ನಲವತ್ತು ವರ್ಷಗಳ ಕಾಲ ನನ್ನ ಮನಸ್ಸಿನ ಯಾವುದೋ ಮೂಲೆಯಲ್ಲಿ ಮಲಗಿತ್ತು. ಅದು ಎಚ್ಚತ್ತದ್ದು ಬೆಂಗಳೂರಿನ ಅಂಗಡಿಯೊಂದರಲ್ಲಿ, ನನ್ನ ತಂಗಿಯ ಮಗಳಿಗೆ ಲ್ಯಾಪ್‌ಟಾಪ್ ಕೊಳ್ಳಲು ಹೋದ ದಿನ.

ತಂಗಿ ತಿಪಟೂರಿನ ಕಡೆಯ ಒಂದು ಹಳ್ಳಿಯಲ್ಲಿದ್ದಾಳೆ. ಎರಡು ಹಸು ಸಾಕಿ, ಡೈರಿಗೆ ಹಾಲು ಹಾಕಿ ಸಂಸಾರ ತೂಗಿಸುತ್ತಾಳೆ. ಅವಳ ಮಗಳು ಹತ್ತನೆಯ ತರಗತಿಯಲ್ಲಿ ಒಳ್ಳೆಯ ಅಂಕ ಪಡೆದು, ಕಂಪ್ಯೂಟರ್ ವಿಜ್ಞಾನದ ಡಿಪ್ಲೊಮಾ ಓದಲೆಂದು ಬನಶಂಕರಿ ಎರಡನೆಯ ಹಂತದಲ್ಲಿರುವ ನಮ್ಮ ಮನೆಗೆ ಬಂದಳು. ಜೊತೆಗೆ ಬಂದ ತಂಗಿ ಬಟ್ಟೆಯ ಗಂಟೊಂದನ್ನು ನನ್ನ ಕೈಗಿತ್ತಳು. ಬಿಚ್ಚಿ ನೋಡಿದರೆ 45,000 ರೂಪಾಯಿ. ಬಹುಪಾಲು ನೂರರ, ಐವತ್ತರ ನೋಟುಗಳು. “ಅಣ್ಣಾ, ಇದಕ್ಕಿಂತ ಹೆಚ್ಚು ನನ್ನ ಕೈಲಾಗದು. ಮೂರು ವರ್ಷದ ಓದು ಮುಗಿಯುವವರೆಗೆ ಬಾಳುವಂಥದ್ದನ್ನು ನೋಡಿ ಕೊಡಿಸು” ಎಂದಳು. ನಾನು ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಡುವವನು. ಆದರೂ ಆ ಹಣವನ್ನು ಎಣಿಸುವಾಗ ನನ್ನ ಲೆಕ್ಕ ಎರಡು ಸಲ ತಪ್ಪಿತು.

ಯಂತ್ರ ಕೊಳ್ಳುವ ವಿಷಯದಲ್ಲಿ ನಾನು ಒಮ್ಮೆ ಕೈಸುಟ್ಟುಕೊಂಡವನು. ಹತ್ತು ವರ್ಷಗಳ ಹಿಂದೆ ನೋಟಕ್ಕೆ ಚೆಲುವಾದ, ಬೆಳ್ಳಿಯ ತಟ್ಟೆಯಂತೆ ಹೊಳೆಯುವ ಒಂದು ಲ್ಯಾಪ್‌ಟಾಪನ್ನು ತಂದಿದ್ದೆ. ತಂದು, ನಾನು ಬಲ್ಲ ಲಿನಕ್ಸ್ ವ್ಯವಸ್ಥೆಯನ್ನು ಅದರಲ್ಲಿ ಸ್ಥಾಪಿಸಿದೆ. ವೈ-ಫೈ ಕೆಲಸ ಮಾಡಲಿಲ್ಲ. ಮುಚ್ಚಳ ಮುಚ್ಚಿದರೆ ನಿದ್ರೆಗೆ ಹೋದ ಯಂತ್ರ ಮತ್ತೆ ಏಳುತ್ತಿರಲಿಲ್ಲ. ಒಂದು ರಾತ್ರಿ ವಾರ್ಷಿಕ ಪರೀಕ್ಷೆಯ ಪ್ರಶ್ನೆಪತ್ರಿಕೆಯನ್ನು ಬೆರಳಚ್ಚು ಮಾಡಿ, ಉಳಿಸುವುದನ್ನು ಮರೆತು ಮುಚ್ಚಳ ಮುಚ್ಚಿ ಮಲಗಿದೆ. ಬೆಳಗ್ಗೆ ಎಷ್ಟು ಎಬ್ಬಿಸಿದರೂ ಅದು ಏಳಲಿಲ್ಲ. ಆ ದಿನ ಶಾಲೆಗೆ ನಾನು ಒಯ್ದದ್ದು ಅವಸರದಲ್ಲಿ ಕೈಯಿಂದ ಬರೆದ ಪ್ರಶ್ನೆಪತ್ರಿಕೆ. ಯಂತ್ರವನ್ನು ಬೈದೆ, ಲಿನಕ್ಸನ್ನೂ ಬೈದೆ. ವಿಚಾರಿಸದೆ ಕೊಂಡ ನನ್ನನ್ನು ಬೈದುಕೊಳ್ಳುವುದು ಮಾತ್ರ ಉಳಿದುಹೋಯಿತು. ಯಂತ್ರ ಬೀರು ಸೇರಿತು.

ತಂಗಿಯ ಮಗಳು ಬೇಸಿಗೆಯ ರಜೆಯಲ್ಲಿ ನಮ್ಮ ಮನೆಗೆ ಬಂದಿದ್ದಾಗ ಅದನ್ನು ಹೊರಗೆ ತೆಗೆದಳು. ಲಿನಕ್ಸಿನ ಹೊಸ ಆವೃತ್ತಿಯೊಂದನ್ನು ಪೆನ್ ಡ್ರೈವಿನಲ್ಲಿ ಹಾಕಿ ಸ್ಥಾಪಿಸಿದಳು. ಏನಾಶ್ಚರ್ಯ! ಅಂದು ಮೂಕವಾಗಿದ್ದ ವೈ-ಫೈ ತಾನಾಗಿಯೇ ಮಾತನಾಡಿತು. “ಇದು ಹೇಗಾಯಿತು?” ಎಂದೆ. “ನೀವು ಬೀರುವಿನಲ್ಲಿಟ್ಟ ಮೇಲೆ ಯಾರೋ ಇದಕ್ಕೆ ಬೇಕಾದ ಚಾಲಕವನ್ನು ಬರೆದಿದ್ದಾರೆ ಮಾವ” ಎಂದಳು. ನನ್ನ ಯಂತ್ರವನ್ನು ಕಣ್ಣಿನಿಂದಲೂ ಕಾಣದ ಯಾರೋ ಒಬ್ಬರು, ಎಲ್ಲೋ ಕುಳಿತು, ನನ್ನ ಕಷ್ಟವನ್ನು ಪರಿಹರಿಸಿದ್ದರು. ಅಂದಿನಿಂದ ಅವಳಿಗೂ ತನ್ನ ಯಂತ್ರದಲ್ಲಿ ಅಂಥದೇ ವ್ಯವಸ್ಥೆ ಇರಬೇಕೆಂಬ ಹಂಬಲ ಹುಟ್ಟಿತು.

ಅಂಥ ವ್ಯವಸ್ಥೆ ಎಂದರೇನು? ಗಣಕದ ಬಿಡಿಭಾಗಗಳಿಗೂ ನಾವು ಬಳಸುವ ತಂತ್ರಾಂಶಗಳಿಗೂ ನಡುವೆ ನಿಂತು ಎಲ್ಲರಿಗೂ ಕೆಲಸ ಹಂಚುವುದೇ ಕಾರ್ಯಾಚರಣ ವ್ಯವಸ್ಥೆ. ಅದನ್ನು ಮನುಷ್ಯರು ಬರೆಯುತ್ತಾರೆ. ಬರೆದ ಮೂಲವನ್ನು ಗುಟ್ಟಾಗಿಟ್ಟು, ಬಳಸುವ ಅನುಮತಿಯನ್ನಷ್ಟೇ ಮಾರುವುದು ಒಂದು ಪದ್ಧತಿ. ಮೂಲವನ್ನು ಎಲ್ಲರ ಮುಂದಿಟ್ಟು, ‘ಬಳಸಿ, ಓದಿ, ತಿದ್ದಿ, ಹಂಚಿ’ ಎನ್ನುವುದು ಇನ್ನೊಂದು ಪದ್ಧತಿ. ಈ ಎರಡನೆಯದನ್ನು ಮುಕ್ತ ತಂತ್ರಾಂಶ ಎನ್ನುತ್ತಾರೆ. ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ‘ಗ್ನೂ’ ಎಂಬ ಯೋಜನೆಯನ್ನು ಸಾರಿ ಇದಕ್ಕೆ ಅಡಿಗಲ್ಲು ಹಾಕಿದರು. ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾನಿಲಯದ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ 1991ರಲ್ಲಿ, ತಮ್ಮ ಇಪ್ಪತ್ತೊಂದನೆಯ ವಯಸ್ಸಿನಲ್ಲಿ, ಲಿನಕ್ಸ್ ಎಂಬ ತಿರುಳನ್ನು ಬರೆದು ಪ್ರಕಟಿಸಿದರು. ಇವೆರಡೂ ಕೂಡಿ ಬೆಳೆದ ಮರಕ್ಕೆ ಇಂದು ಹಲವು ಕೊಂಬೆಗಳು: 1993ರ ಡೆಬಿಯನ್, 2003ರ ಫೆಡೋರಾ, 2004ರ ಉಬುಂಟು, ಹೀಗೆ.

ದಾನಕ್ಕೆ ಬಂದ ಆಕಳ ಹಲ್ಲು ಎಣಿಸಬಾರದೆಂದು ಹಿರಿಯರು ಹೇಳುತ್ತಾರೆ. ಈ ತಂತ್ರಾಂಶವೂ ದಾನವೇ. ಸಾಮಾನ್ಯವಾಗಿ ಇದಕ್ಕೆ ಬೆಲೆ ಕೊಡಬೇಕಾಗಿಲ್ಲ. ಆದರೆ ಇದರ ದಾನಿಗಳು ವಿಚಿತ್ರದವರು. ‘ದಯವಿಟ್ಟು ಹಲ್ಲು ಎಣಿಸಿ ನೋಡಿ, ಹುಳುಕು ಕಂಡರೆ ನಮಗೂ ತಿಳಿಸಿ’ ಎಂದು ಅವರೇ ಕರೆಯುತ್ತಾರೆ. ಕಲಿಯುವ ಮಕ್ಕಳಿಗೆ ಇದಕ್ಕಿಂತ ದೊಡ್ಡ ಉಪಕಾರ ಯಾವುದಿದ್ದೀತು?

ದಕ್ಷಿಣ ಬೆಂಗಳೂರಿಗೆ ಈ ವಿಚಾರ ಹೊಸದೇನೂ ಅಲ್ಲ. ಜಯನಗರದಲ್ಲಿರುವ ಐಟಿ ಫಾರ್ ಚೇಂಜ್ ಎಂಬ ಸಂಸ್ಥೆಯು ರಾಜ್ಯದ ಶಿಕ್ಷಣ ಇಲಾಖೆಯೊಡನೆ ಸೇರಿ 2011ರಲ್ಲಿ ‘ವಿಷಯ ಶಿಕ್ಷಕರ ವೇದಿಕೆ’ಯನ್ನು ಆರಂಭಿಸಿತು. ಸರಕಾರಿ ಪ್ರೌಢಶಾಲೆಗಳ ಶಿಕ್ಷಕರಿಗೆ ಮುಕ್ತ ತಂತ್ರಾಂಶದ ಮೂಲಕವೇ ಅಲ್ಲಿ ತರಬೇತಿ ದೊರೆಯಿತು. ನನ್ನ ಕೈಗೆ ಉಬುಂಟು ಮೊದಲು ಸಿಕ್ಕಿದ್ದು ಅಂಥದೊಂದು ತರಬೇತಿಯಲ್ಲಿ. ತ್ರಿಭುಜದ ಒಂದು ಶೃಂಗವನ್ನು ಪರದೆಯ ಮೇಲೆ ಎಳೆದಾಡಿದರೂ ಕೋನಗಳ ಮೊತ್ತ 180 ಅಂಶವೇ ಉಳಿಯುವುದನ್ನು ಕಂಡು ಚಿಕ್ಕ ಮಗುವಿನಂತೆ ಹಿಗ್ಗಿದ್ದೆ. ನೆರೆಯ ಕೇರಳದ ಸರಕಾರಿ ಶಾಲೆಗಳು ಇನ್ನೂ ಮೊದಲೇ ಈ ದಾರಿ ಹಿಡಿದಿದ್ದವು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಗಣಕದ ಪಾಠಗಳನ್ನು ಕನ್ನಡದ ಪುಸ್ತಕದಿಂದ, ಲಿನಕ್ಸ್ ಯಂತ್ರಗಳ ಮೇಲೆ ಕಲಿಯುತ್ತಾರೆ.

ಇನ್ನೊಂದು ಸಂಗತಿಯನ್ನೂ ಇಲ್ಲಿ ಹೇಳಬೇಕು. ಜೆ.ಪಿ. ನಗರಕ್ಕೆ ಸಮೀಪದಲ್ಲಿ, ಬನ್ನೇರುಘಟ್ಟ ರಸ್ತೆಯಲ್ಲಿ, ಭಾರತೀಯ ನಿರ್ವಹಣಾ ಸಂಸ್ಥೆಯಿದೆ. ಗ್ನೂ ಪರವಾನಗಿಯ ಮೂರನೆಯ ಆವೃತ್ತಿಯ ಕರಡನ್ನು ಚರ್ಚಿಸಲು 2006ರ ಆಗಸ್ಟ್ ತಿಂಗಳಿನಲ್ಲಿ ಒಂದು ಅಂತರರಾಷ್ಟ್ರೀಯ ಸಮ್ಮೇಳನ ಅಲ್ಲಿ ನಡೆಯಿತು. ಸ್ಟಾಲ್‌ಮನ್ ಅವರೇ ಬಂದು ಮಾತನಾಡಿದರು. ನಾನು ಅಲ್ಲಿಗೆ ಹೋಗಿರಲಿಲ್ಲ. ಅವರ ಮಾತುಗಳನ್ನು ಎಷ್ಟೋ ವರ್ಷಗಳ ಮೇಲೆ ಓದಿದೆ. ಕೆಲವು ಯಂತ್ರಗಳು ಮುಕ್ತ ತಂತ್ರಾಂಶವನ್ನೇ ಒಳಗೆ ಇಟ್ಟುಕೊಂಡಿರುತ್ತವೆ. ಆದರೆ ಕೊಂಡವನು ಅದನ್ನು ತಿದ್ದಿದರೆ ನಡೆಯಲು ನಿರಾಕರಿಸುತ್ತವೆ. ಅಕ್ಷರದಲ್ಲಿರುವ ಸ್ವಾತಂತ್ರ್ಯ ಕಬ್ಬಿಣದಲ್ಲಿ ಇಲ್ಲದಂತಾಗುತ್ತದೆ. ಇದನ್ನು ತಡೆಯುವುದು ಹೇಗೆ ಎಂಬುದು ಅಂದಿನ ಚರ್ಚೆಯ ಮುಖ್ಯ ವಿಷಯಗಳಲ್ಲಿ ಒಂದು. ಅದನ್ನು ಓದಿದಾಗ ನನ್ನ ಬೀರುವಿನಲ್ಲಿದ್ದ ಬೆಳ್ಳಿಯ ತಟ್ಟೆ ಕಣ್ಣ ಮುಂದೆ ಬಂದಿತು. ನನ್ನದು ಅಷ್ಟು ದೊಡ್ಡ ಅನ್ಯಾಯವೇನಲ್ಲ. ಆದರೂ ತಂತ್ರಾಂಶ ಮುಕ್ತವಾಗಿದ್ದರೆ ಸಾಲದು, ಯಂತ್ರವೂ ಅದಕ್ಕೆ ಒಗ್ಗುವಂತಿರಬೇಕೆಂಬ ಪಾಠ ಎರಡರದೂ ಒಂದೇ.

ಒಗ್ಗದಿರುವುದಕ್ಕೆ ಕಾರಣ ಸರಳವಾಗಿದೆ. ಲ್ಯಾಪ್‌ಟಾಪಿನ ಒಳಗೆ ವೈ-ಫೈಗೆ ಒಂದು ಚಿಪ್ಪು, ಚಿತ್ರಕ್ಕೆ ಒಂದು, ಧ್ವನಿಗೆ ಒಂದು ಎಂದು ಹಲವು ಬಿಡಿಭಾಗಗಳಿರುತ್ತವೆ. ಪ್ರತಿಯೊಂದರೊಡನೆ ಮಾತನಾಡಲು ಕಾರ್ಯಾಚರಣ ವ್ಯವಸ್ಥೆಗೆ ಒಬ್ಬ ದುಭಾಷಿ ಬೇಕು; ಅವನೇ ಚಾಲಕ, ಅಂದರೆ ಡ್ರೈವರ್. ಚಿಪ್ಪು ಮಾಡಿದವರು ಅದರ ಭಾಷೆಯನ್ನು ಬಹಿರಂಗಪಡಿಸಿದರೆ, ಅಥವಾ ಚಾಲಕವನ್ನು ತಾವೇ ಬರೆದು ಲಿನಕ್ಸಿಗೆ ಕೊಟ್ಟರೆ, ಎಲ್ಲವೂ ಸುಗಮ. ಮುಚ್ಚಿಟ್ಟರೆ ಸ್ವಯಂಸೇವಕರು ಊಹಿಸಿ ಊಹಿಸಿ ಬರೆಯಬೇಕು. ಅದಕ್ಕೆ ವರ್ಷಗಳೇ ಹಿಡಿಯಬಹುದು. ಇಂಟೆಲ್ ಮತ್ತು ಎಎಂಡಿ ಚಿತ್ರ ಚಿಪ್ಪುಗಳ ಚಾಲಕಗಳು ಲಿನಕ್ಸಿನ ತಿರುಳಿನಲ್ಲಿಯೇ ಇವೆ. ಎನ್‌ವಿಡಿಯಾ ಸಂಸ್ಥೆಯು ಬಹುಕಾಲ ತನ್ನ ಚಾಲಕವನ್ನು ಮುಚ್ಚಿಟ್ಟು, 2022ರಲ್ಲಿ ಅದರ ಒಂದು ಭಾಗದ ಮೂಲವನ್ನು ಹೊರಗೆ ಬಿಟ್ಟಿತು. ವೈ-ಫೈ ಚಿಪ್ಪುಗಳಿಗೆ ಚಾಲಕವಲ್ಲದೆ ಫರ್ಮ್‌ವೇರ್ ಎಂಬ ಒಳತಂತ್ರಾಂಶವೂ ಬೇಕು. ಅದರ ಮೂಲ ಹೆಚ್ಚಾಗಿ ಮುಕ್ತವಲ್ಲ. ಇಂಥ ವಿಷಯದಲ್ಲಿ ಬಹಳ ಬಿಗಿಯಾಗಿದ್ದ ಡೆಬಿಯನ್ ಕೂಡ 2023ರ ತನ್ನ 12ನೆಯ ಆವೃತ್ತಿಯಿಂದ ಸ್ಥಾಪನೆಯ ವೇಳೆಯಲ್ಲಿಯೇ ಅದನ್ನು ಒದಗಿಸುತ್ತದೆ.

ಇಷ್ಟನ್ನೂ ನಾನು ಕಲಿತದ್ದು ಹುಡುಗಿಯಿಂದ. ಅವಳು ಒಂದು ನೋಟುಪುಸ್ತಕದಲ್ಲಿ ಪಟ್ಟಿ ಮಾಡಿದ್ದಳು. ಚಿತ್ರಕ್ಕೆ ಪ್ರತ್ಯೇಕ ಚಿಪ್ಪು ಬೇಡ. ಆಟವಾಡುವವರಿಗೆ ಅದು ಬೇಕು, ಓದುವವರಿಗೆ ಬೇಡ. ವೈ-ಫೈ ಚಿಪ್ಪಿನ ಹೆಸರು ಮೊದಲೇ ತಿಳಿದಿರಬೇಕು. ಸ್ಮರಣೆ 8 ಗಿಗಾಬೈಟಿಗೆ ಕಡಮೆಯಾಗಬಾರದು. ಮುಂದೆ 16ಕ್ಕೆ ಏರಿಸಲು ಒಳಗೆ ಒಂದು ಖಾಲಿ ಜಾಗ ಇರಲೇಬೇಕು. ಕೆಲವು ತೆಳು ಯಂತ್ರಗಳಲ್ಲಿ ಸ್ಮರಣೆಯನ್ನು ಬೆಸುಗೆ ಹಾಕಿಬಿಟ್ಟಿರುತ್ತಾರೆ, ಏರಿಸಲು ಬಾರದು. ಸಂಗ್ರಹಕ್ಕೆ ತಿರುಗುವ ತಟ್ಟೆಯ ಬದಲು ಎಸ್‌ಎಸ್‌ಡಿ. ತಳದ ತಿರುಪುಗಳನ್ನು ಬಿಚ್ಚಿ ಬ್ಯಾಟರಿಯನ್ನು ಬದಲಾಯಿಸಲು ಆಗಬೇಕು. ಉಬುಂಟುವನ್ನು ಹೊರತರುವ ಕೆನಾನಿಕಲ್ ಸಂಸ್ಥೆ ತಾನು ಪರೀಕ್ಷಿಸಿ ಒಪ್ಪಿದ ಯಂತ್ರಗಳ ಪಟ್ಟಿಯನ್ನು ಪ್ರಕಟಿಸುತ್ತದೆ. ಅದನ್ನೂ ಅವಳು ನೋಡಿಟ್ಟಿದ್ದಳು. ಕೊನೆಯ ಸಾಲಿನಲ್ಲಿ ‘ಪೆನ್ ಡ್ರೈವ್ ಹಾಕಿ ನೋಡದೆ ಕೊಳ್ಳಬಾರದು’ ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಿದ್ದಳು.

ಮೊದಲು ಜಯನಗರ ನಾಲ್ಕನೆಯ ಬ್ಲಾಕಿನ ಒಂದು ದೊಡ್ಡ ಅಂಗಡಿಗೆ ಹೋದೆವು. ಗಾಜಿನ ಬಾಗಿಲು, ತಣ್ಣನೆಯ ಗಾಳಿ, ಸಾಲಾಗಿ ಬೆಳಗುವ ಪರದೆಗಳು. ಅಲ್ಲಿಯ ಯುವಕನು ಕೀಲಿಗಳ ಕೆಳಗೆ ಏಳು ಬಣ್ಣದ ಬೆಳಕು ಹರಿಯುವ ಒಂದು ಯಂತ್ರವನ್ನು ತೋರಿಸಿದನು. ಬೆಲೆ 58,000 ರೂಪಾಯಿ. ನನ್ನ ಕಣ್ಣು ಅದರಲ್ಲಿಯೇ ನೆಟ್ಟಿತು. “ಉಳಿದ ಹದಿಮೂರು ಸಾವಿರವನ್ನು ನಾನು ಹಾಕುತ್ತೇನೆ, ತೆಗೆದುಕೋ” ಎಂದೆ. ಹುಡುಗಿ ಅದನ್ನು ಮುಟ್ಟಲಿಲ್ಲ. “ಇದರಲ್ಲಿ ಪೆನ್ ಡ್ರೈವಿನಿಂದ ಲಿನಕ್ಸ್ ನಡೆಸಿ ನೋಡಬಹುದೇ ಅಣ್ಣ?” ಎಂದು ಆ ಯುವಕನನ್ನು ಕೇಳಿದಳು. ಹಾಗೆಲ್ಲ ಮಾಡಲು ಅನುಮತಿಯಿಲ್ಲವೆಂದು ಅವನು ಹೇಳಿದನು. ಹೊರಗೆ ಬಂದ ಮೇಲೆ ಅವಳು ಮೆಲ್ಲಗೆ ಹೇಳಿದಳು: “ಮಾವ, ನಿಮ್ಮ ಹದಿಮೂರು ಸಾವಿರವೂ ಸುಮ್ಮನೆ ಬಂದದ್ದಲ್ಲ. ಅಮ್ಮ ಬೆಳಗಿನ ಐದು ಗಂಟೆಗೆ ಎದ್ದು ಹಾಲು ಕರೆದ ದುಡ್ಡಿಗೆ ಅದನ್ನು ಸೇರಿಸಿ ಬಣ್ಣದ ದೀಪ ಕೊಳ್ಳುವುದೇ?” ಆಗ ನೋಡಿ, ಸಿದ್ಧಗಂಗೆಯ ಜಾತ್ರೆ, ಬಣ್ಣದ ಕೊಂಬುಗಳು, ತಂದೆಯವರ ಮಾತು, ಎಲ್ಲವೂ ಒಟ್ಟಿಗೆ ನೆನಪಾದವು. ತಾತನನ್ನು ಕಾಣದ ಮೊಮ್ಮಗಳು ತಾತನಂತೆಯೇ ಗುಂಪಿಗೆ ಬೆನ್ನು ತಿರುಗಿಸಿ ಬಂದಿದ್ದಳು.

ಮರುದಿನ ಜಯನಗರ ನಿಲ್ದಾಣದಲ್ಲಿ ಮೆಟ್ರೊ ಹತ್ತಿ ಚಿಕ್ಕಪೇಟೆಯಲ್ಲಿ ಇಳಿದು ಎಸ್‌.ಪಿ. ರಸ್ತೆಗೆ ನಡೆದೆವು. ವಿದ್ಯುತ್ ಸಾಮಾನು, ಗಣಕದ ಬಿಡಿಭಾಗಗಳ ಅಂಗಡಿಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿರುವ ಇಕ್ಕಟ್ಟಾದ ಬೀದಿ ಅದು. ಅಲ್ಲಿ ಕನ್ನಡಕ ಧರಿಸಿದ ಹಿರಿಯರೊಬ್ಬರು ತಮ್ಮ ಚಿಕ್ಕ ಅಂಗಡಿಯಲ್ಲಿ ಹುಡುಗಿಯ ಮಾತನ್ನು ಪೂರ್ತಿ ಕೇಳಿಸಿಕೊಂಡು, “ನೋಡಮ್ಮ, ಧಾರಾಳವಾಗಿ ನೋಡು. ಕೊಂಡು ಹೋಗಿ ನಾಳೆ ಜಗಳಕ್ಕೆ ಬರುವುದಕ್ಕಿಂತ ಇವತ್ತೇ ನೋಡುವುದು ಒಳ್ಳೆಯದು” ಎಂದರು. ಕಾರ್ಯಾಚರಣ ವ್ಯವಸ್ಥೆಯಿಲ್ಲದೆ ಬರುವ ಲ್ಯಾಪ್‌ಟಾಪುಗಳೂ ಮಾರುಕಟ್ಟೆಯಲ್ಲಿರುತ್ತವೆ, ಅವುಗಳಲ್ಲಿ ಪರವಾನಗಿಯ ಹಣ ಉಳಿಯಬಹುದು ಎಂಬುದನ್ನೂ ಅವರೇ ತಿಳಿಸಿದರು.

ಪೆನ್ ಡ್ರೈವಿನಿಂದ ಲಿನಕ್ಸನ್ನು ನಡೆಸಿದರೆ ಯಂತ್ರದೊಳಗಿನ ಯಾವುದೂ ಬದಲಾಗುವುದಿಲ್ಲ; ಎಳೆದು ತೆಗೆದರೆ ಮೊದಲಿನಂತೆಯೇ ಇರುತ್ತದೆ. ಎರವಲು ನೊಗವನ್ನು ಹೆಗಲ ಮೇಲೆ ಇಟ್ಟು ನೋಡಿದಂತೆ. ಮೊದಲನೆಯ ಯಂತ್ರದಲ್ಲಿ ವೈ-ಫೈ ಪಟ್ಟಿ ಬರಿದಾಗಿತ್ತು. “ಆಮೇಲೆ ಚಾಲಕ ಹಾಕಿಕೊಂಡರೆ ಬಂದೀತು” ಎಂದರು ಅಂಗಡಿಯವರು. “ಬಂದೀತು, ಆದರೆ ಬರದೆಯೂ ಇದ್ದೀತು” ಎಂದು ಅವಳು ಅದನ್ನು ಬದಿಗಿಟ್ಟಳು. ಎರಡನೆಯದು ಬೂದು ಬಣ್ಣದ, ಯಾವ ಠೀವಿಯೂ ಇಲ್ಲದ ಯಂತ್ರ. ವೈ-ಫೈ ಬಂದಿತು. ಹಾಡು ಕೇಳಿಸಿತು. ಕ್ಯಾಮೆರಾದಲ್ಲಿ ನಮ್ಮಿಬ್ಬರ ಮುಖ ಕಾಣಿಸಿತು. ಪರದೆಯ ಬೆಳಕು ಕೀಲಿಯ ಮಾತು ಕೇಳಿತು. ಕೊನೆಗೆ ಅವಳು ಮುಚ್ಚಳ ಮುಚ್ಚಿದಳು. ನಾನು ಉಸಿರು ಬಿಗಿಹಿಡಿದು ನಿಂತೆ. ನನ್ನ ಪ್ರಶ್ನೆಪತ್ರಿಕೆ ಸತ್ತದ್ದು ಇಲ್ಲಿಯೇ ಅಲ್ಲವೆ? ಎರಡು ನಿಮಿಷದ ತರುವಾಯ ಮುಚ್ಚಳ ತೆರೆದಳು. ಯಂತ್ರ ಕಣ್ಣು ಬಿಟ್ಟಿತು.

ಆದರೆ ಒಂದು ಕೊರತೆ ಕಂಡಿತು. ಬೆರಳಿನ ಗುರುತಿನಿಂದ ಯಂತ್ರವನ್ನು ತೆರೆಯುವ ಪುಟ್ಟ ಗುಂಡಿ ಲಿನಕ್ಸಿನಲ್ಲಿ ಕೆಲಸ ಮಾಡಲಿಲ್ಲ. ನನಗೆ ಮತ್ತೆ ಅನುಮಾನ. ಹುಡುಗಿ ಸ್ವಲ್ಪ ಹೊತ್ತು ಯೋಚಿಸಿ, “ಗುಪ್ತಪದವನ್ನು ಬೆರಳಚ್ಚು ಮಾಡಿದರಾಯಿತು. ವೈ-ಫೈ ಇಲ್ಲದೆ ಓದಲಾರೆ, ಇದಿಲ್ಲದೆ ಓದಬಲ್ಲೆ” ಎಂದಳು. ನನ್ನ ತಂದೆಯವರು ಆ ವರ್ಷ ಜಾತ್ರೆಯಿಂದ ತಂದ ಎತ್ತಿಗೆ ಒಂದು ಕೊಂಬಿನ ತುದಿ ಮುರಿದಿತ್ತು. ಊರವರು ನಕ್ಕರು. ಅದು ಒಂಬತ್ತು ವರ್ಷ ನಮ್ಮ ಹೊಲವನ್ನು ಉಳಿತು. ಎಲ್ಲ ಗುಣಗಳೂ ಕೂಡಿದ ವಸ್ತು ಮಧ್ಯಮ ಬೆಲೆಗೆ ಸಿಗುವುದು ಅಪರೂಪ. ಯಾವ ಕೊರತೆಯೊಡನೆ ಬಾಳಬಹುದು, ಯಾವುದರೊಡನೆ ಬಾಳಲಾಗದು ಎಂಬುದನ್ನು ಅರಿಯುವುದೇ ಆಯ್ಕೆ. ಬೆಲೆ 43,000 ರೂಪಾಯಿಗೆ ಇತ್ಯರ್ಥವಾಯಿತು. ಮಿಕ್ಕ ಎರಡು ಸಾವಿರವನ್ನು, ಮುಂದೆ ಸ್ಮರಣೆಯನ್ನು ಏರಿಸಬೇಕಾದಾಗ ಇರಲೆಂದು, ಅವಳು ಗಂಟಿನಲ್ಲಿಯೇ ಕಟ್ಟಿಟ್ಟಳು.

ಒಂದು ಯಂತ್ರ ಎಷ್ಟು ವರ್ಷ ಬಾಳುತ್ತದೆಂಬುದು ಅದರ ಲೋಹದಿಂದಷ್ಟೇ ತೀರ್ಮಾನವಾಗುವುದಿಲ್ಲ. ವಿಂಡೋಸ್ 10 ವ್ಯವಸ್ಥೆಗೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿಯಿತು. ಗಟ್ಟಿಮುಟ್ಟಾಗಿದ್ದರೂ ಮುಂದಿನ ಆವೃತ್ತಿಯ ನಿಯಮಗಳಿಗೆ ಹೊಂದದ ಅನೇಕ ಯಂತ್ರಗಳು ಅಂದಿನಿಂದ ದಾರಿ ಕಾಣದೆ ನಿಂತಿವೆ. ಅಂಥವುಗಳಲ್ಲಿ ಎಷ್ಟಕ್ಕೋ ಲಿನಕ್ಸ್ ಇನ್ನೂ ಕೆಲವು ವರ್ಷಗಳ ಆಯುಷ್ಯ ಕೊಡಬಲ್ಲದು. ನನ್ನ ಬೀರುವಿನ ಯಂತ್ರವೂ ಈಗ ನನ್ನ ಮೇಜಿನ ಮೇಲಿದೆ. ಮುಚ್ಚಳ ಮುಚ್ಚುವ ಮೊದಲು ಬರೆದದ್ದನ್ನು ಉಳಿಸುವ ಅಭ್ಯಾಸವನ್ನು ಮಾಡಿಕೊಂಡಿದ್ದೇನೆ.

ಅಂದು ಸಂಜೆ ಹುಡುಗಿ ಹೊಸ ಯಂತ್ರದಲ್ಲಿ ಲಿನಕ್ಸನ್ನು ಸ್ಥಾಪಿಸಿದಳು. ಕೀಲಿಮಣೆಗಳ ಪಟ್ಟಿಯನ್ನು ತೆರೆದಾಗ ಕನ್ನಡದ ಎದುರಿಗೆ ‘ಕಗಪ’ ಎಂಬ ಹೆಸರು ಕಂಡಿತು. ಕಗಪ ಎಂದರೆ ಕನ್ನಡ ಗಣಕ ಪರಿಷತ್ತು. ಹೆಲ್ಸಿಂಕಿಯಲ್ಲಿ ಮೊಳೆತು ಜಗತ್ತನ್ನೆಲ್ಲ ಸುತ್ತಿದ ವ್ಯವಸ್ಥೆಯೊಂದರ ಒಳಗೆ ನಮ್ಮ ಬೆಂಗಳೂರಿನ ಪರಿಷತ್ತಿನ ಹೆಸರು! ಬಾಗಿಲು ತೆರೆದಿದ್ದ ಮನೆಯಾದ್ದರಿಂದ ನಮ್ಮವರೂ ಒಳಗೆ ಹೋಗಿ ಒಂದು ಮಣೆ ಹಾಕಿ ಬಂದಿದ್ದರು. ಆ ಮಣೆಯ ಮೇಲೆ ಹುಡುಗಿ ಬೆರಳಾಡಿಸಿ, ತಾಯಿಗೆ ಒಂದು ಪುಟದ ಕಾಗದ ಬರೆದಳು. ಒತ್ತಕ್ಷರಗಳೆಲ್ಲ ತಮ್ಮ ತಮ್ಮ ಜಾಗದಲ್ಲಿ ಸರಿಯಾಗಿ ಕುಳಿತವು.

ರಾತ್ರಿ ತಂಗಿ ಫೋನ್ ಮಾಡಿದಳು. ಯಂತ್ರದ ಬಣ್ಣ ಯಾವುದು, ಕಂಪನಿ ಯಾವುದು ಎಂದು ಅವಳು ಕೇಳಲಿಲ್ಲ. ಆ ತಂದೆಯ ಮಗಳೇ ಅಲ್ಲವೆ?

“ಹಲ್ಲು ಎಣಿಸಿದಿರಾ?” ಎಂದಳು.

ನಾನು ಉತ್ತರ ಕೊಡುವ ಮೊದಲೇ ಹುಡುಗಿ ಪಕ್ಕದಿಂದ ಕೂಗಿ ಹೇಳಿದಳು: “ಎಣಿಸಿದೆವು ಅಮ್ಮ. ನೊಗವನ್ನೂ ಇಟ್ಟು ನೋಡಿದೆವು.”